ಚಂದ್ರಿಯ ಫೋಟೋಕ್ಕೆ ಗುಂಟೂರು ಮೆಣಸಿನಕಾಯಿ

ರಂಜಾನ್ ಹತ್ತಿರ ಬಂತೆಂದರೆ ನಮ್ಮ ಹಿಂದವಾಡಿಯ ಮನೆಯಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯುತ್ತದೆ. ಇಳಿದದ್ದು ಧೂಳು ಒರೆಸಿಕೊಂಡು, ಒಂದೆರಡು ದಿನ ನಡುಮನೆಯಲ್ಲಿ ಎಲ್ಲರ ಕಾಲಿಗೆ ಅಡ್ಡ ಬಂದು, ಮತ್ತೆ ಅಟ್ಟಕ್ಕೇ ಹೋಗುತ್ತದೆ. ಎಸೆಯುವ ಮಾತೇ ಇಲ್ಲ. ಈ ವರ್ಷ ಇಳಿದದ್ದರಲ್ಲಿ ನನ್ನ ಹಾರ್ಮೋನಿಯಂ ಇತ್ತು, ಕೇಕ್ ಮಾಡುವ ಓವನ್ ಇತ್ತು, ಕುಬ್ಜ ಆಲದ ಮರ ಬೆಳೆಸುತ್ತೇನೆಂದು ತಂದ ಕುಂಡಗಳಿದ್ದವು. ಆಲದ ಮರ ಕುಬ್ಜವಾಗಿರುವಾಗಲೇ ತೀರಿಕೊಂಡಿತ್ತು. ಇವೆಲ್ಲದರ ಕೆಳಗೆ ಒಂದು ಕಪ್ಪು ಫೈಲು. ಒರೆಸಲೆಂದು ತೊಡೆಯ ಮೇಲೆ ಇಟ್ಟುಕೊಂಡವಳು ಒರೆಸುವುದನ್ನು ಬಿಟ್ಟು ಪುಟ ತಿರುವುತ್ತ ಕೂತೆ. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು.

ಆ ಫೈಲಿಗೆ ಒಂದು ದೊಡ್ಡ ಹೆಸರಿದೆ, ಪೋರ್ಟ್‌ಫೋಲಿಯೋ. ನಾವು ತೆಗೆದ ಫೋಟೋಗಳಲ್ಲಿ ಆಯ್ದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಒಂದರ ಹಿಂದೊಂದು ಜೋಡಿಸಿಟ್ಟು, ಬಲ್ಲವರಿಗೆ ತೋರಿಸಿ 'ಹೇಗಿದೆ' ಎಂದು ಕೇಳಬೇಕು. ನಾನು ಬಲ್ಲವರಿಗೂ ತೋರಿಸಿದೆ, ಅರಿಯದವರಿಗೂ ತೋರಿಸಿದೆ, ಗ್ಯಾಸ್ ಸಿಲಿಂಡರ್ ತಂದವರಿಗೂ ತೋರಿಸಿದೆ. ಆ ಕಥೆಯನ್ನೇ ನಿಮಗೆ ಹೇಳಬೇಕೆನ್ನಿಸಿತು. ಬೇಳೆ ಹೇಗಿದ್ದರೂ ಹೋಯಿತು, ನಿಧಾನವಾಗಿಯೇ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ. ಮೂರರಲ್ಲೂ ನನ್ನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ. ಹುಟ್ಟಿ ಬೆಳೆದದ್ದು ರವಿವಾರ ಪೇಟೆಯಲ್ಲಿ, ಅಬ್ಬಾನ ಮೆಣಸಿನಕಾಯಿ ಅಂಗಡಿಯ ಮೇಲಿನ ಮನೆಯಲ್ಲಿ. ಕೆಳಗೆ ಚೀಲ ಬಿಚ್ಚಿದರೆ ಮೇಲೆ ನಾವು ಸೀನುತ್ತಿದ್ದೆವು. ನೆಂಟರು ಬಂದರೆ ಮೊದಲು ಸೀನಿ, ಮೂಗು ಒರೆಸಿಕೊಂಡು, ಆಮೇಲೆ ಸಲಾಂ ಹೇಳುತ್ತಿದ್ದರು. ಪರೀಕ್ಷೆಗೆ ಓದುವಾಗ ನನಗೆ ನಿದ್ದೆ ಬಂದದ್ದೇ ಇಲ್ಲ, ಅದರ ಪುಣ್ಯ ಮೆಣಸಿನಕಾಯಿಗೇ ಸಲ್ಲಬೇಕು.

ನಮ್ಮ ಮನೆಯವರೆಲ್ಲ ಕೂಡಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಫೋಟೋ ಒಂದೇ ಒಂದು. ಅಮ್ಮಿ ಈದ್‌ನ ಸೀರೆ ಉಟ್ಟಿದ್ದರು, ಭಾಯಿಜಾನ್ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ, ನನಗೆ ಹೊಸ ಫ್ರಾಕು. ಅಬ್ಬಾ ಮಾತ್ರ ಅಂಗಡಿಯಿಂದ ನೇರವಾಗಿ ಬಂದಿದ್ದರು, ಅದೇ ಅಂಗಿಯಲ್ಲಿ. ಸ್ಟುಡಿಯೋದವನು ನಮ್ಮನ್ನು ಒತ್ತಿ ಒತ್ತಿ ಹತ್ತಿರ ನಿಲ್ಲಿಸಿ, ಎರಡೂ ಕಡೆ ಲೈಟು ಹಾಕಿದ. ಲೈಟಿನ ಕಾವಿಗೆ ಅಬ್ಬಾನ ಅಂಗಿಯಿಂದ ಘಾಟು ಎದ್ದಿತು. ಆ ಫೋಟೋದಲ್ಲಿ ಅಮ್ಮಿ, ಭಾಯಿಜಾನ್, ನಾನು ಮೂವರೂ ಗಳಗಳ ಅಳುತ್ತಿದ್ದೇವೆ. ರೂಢಿಯಾದ ಅಬ್ಬಾ ಒಬ್ಬರೇ ಹಲ್ಲು ಬಿಟ್ಟು ನಗುತ್ತಿದ್ದಾರೆ. ನೋಡಿದವರು "ಪಾಪ, ಯಾರ್ ತೀರ್ಕೊಂಡಿದ್ರು?" ಎಂದು ಕೇಳುತ್ತಾರೆ. ಒಂದು ಗಳಿಗೆ ಬಿಟ್ಟು, "ಮತ್ತ ಇವರ್ಯಾಕ ಇಷ್ಟ ಖುಷಿ ಆಗ್ಯಾರ?" ಎನ್ನುತ್ತಾರೆ.

ಫೋಟೋಗ್ರಫಿಯ ಜೊತೆ ನಮ್ಮ ಮನೆತನದ ಸಂಬಂಧ ಇಂಥದ್ದು. ಆದರೂ ಐವತ್ತು ತುಂಬಿದ ಮೇಲೆ ನನಗೆ ಕ್ಯಾಮೆರಾ ಬೇಕೆನ್ನಿಸಿತು. ಕೊಂಡು ತಂದ ದಿನ ನಮ್ಮೆಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ತಲೆ ಎತ್ತಿ ಅಟ್ಟವನ್ನು ನೋಡಿದರು. ಆ ನೋಟಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. "ಇದೂ ಅಟ್ಟ ಹತ್ತಿದರೆ ಇನ್ನು ಜನ್ಮದಲ್ಲಿ ಹೊಸದೇನನ್ನೂ ಶುರು ಮಾಡುವುದಿಲ್ಲ, ನೋಡ್ತಾ ಇರಿ" ಎಂದು ಆಣೆ ಹಾಕಿಬಿಟ್ಟೆ. ಹಾಕಿದ ಮೇಲೆ ಹೆದರಿಕೆಯಾಯಿತು. ಐವತ್ತಕ್ಕೇ ಹೊಸದೆಲ್ಲ ಮುಗಿಸಿ ಕೂತರೆ ಮುಂದಿನ ವರ್ಷಗಳನ್ನು ಏನು ಮಾಡುವುದು, ನೀವೇ ಹೇಳಿ. ಹಾಗಾಗಿ ಈ ಫೋಟೋಗ್ರಫಿ ನನಗೆ ಬಂದೇ ತೀರಬೇಕಿತ್ತು. ಬಂದಿದೆಯೋ ಇಲ್ಲವೋ ಎಂದು ಯಾರಾದರೂ ಖರೇ ಮಾತು ಹೇಳಬೇಕಿತ್ತು.

ನಮ್ಮ ಬೆಳಗಾವಿಯಲ್ಲಿ ಅದೊಂದೇ ಸಿಗುವುದಿಲ್ಲ. ಇಲ್ಲಿ ಮನೆಗೆ ಹೋದರೆ ಚಹಾ ಸಿಗುತ್ತದೆ, ಕುಂದಾ ಸಿಗುತ್ತದೆ, ಊಟ ಮಾಡಿಯೇ ಹೋಗಬೇಕೆಂಬ ಜುಲುಮೆ ಸಿಗುತ್ತದೆ. ಬಂದವರ ಮುಖದ ಮೇಲೆ ಕೆಟ್ಟ ಮಾತು ಆಡುವವರು ಮಾತ್ರ ಸಿಗುವುದಿಲ್ಲ. ಪೋರ್ಟ್‌ಫೋಲಿಯೋ ಹಿಡಿದು ತಿರುಗಿದ ಮೇಲೆಯೇ ಈ ಒಳ್ಳೆಯತನದ ಸಂಕಟ ನನಗೆ ಗೊತ್ತಾದದ್ದು.

ಮೊದಲು ಮನೆಯಲ್ಲೇ ತೋರಿಸಿದೆ. ನಮ್ಮೆಜಮಾನರು ಕನ್ನಡಕ ಹಾಕಿಕೊಂಡು, ಎಲ್ಲ ಪುಟ ತಿರುವಿ, "ಅಚ್ಛಾಚ್ ಹೈ" ಎಂದರು, ಚೆನ್ನಾಗೇ ಇದೆ ಅಂತ. ಇವರು ನನ್ನ ಸುಟ್ಟ ಕೇಕಿಗೂ ಇದನ್ನೇ ಅಂದಿದ್ದರು, ಹಾರ್ಮೋನಿಯಂ ನುಡಿಸಿದಾಗಲೂ ಇದನ್ನೇ ಅಂದು ವಾಕಿಂಗ್ ಹೋಗಿದ್ದರು. ಆ ಮಾತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಬಾಜು ಮನೆಯ ಸುಮನ್ ವೈನಿ ಬಹಳ ಆಸ್ಥೆಯಿಂದ ನೋಡಿದರು. ಒಂದೊಂದು ಪುಟಕ್ಕೂ ಅಷ್ಟಷ್ಟು ಹೊತ್ತು. ನನಗೆ ಎದೆಯಲ್ಲಿ ಆಸೆ ಮೂಡಿತು. ಹೂ ಮಾರುವ ಹುಡುಗಿಯ ಚಿತ್ರದ ಮೇಲೆ ಬೆರಳಿಟ್ಟು, "ಇದು ಭಾಳ ಛಂದ ಅದ" ಎಂದರು.

"ಏನು ಛಂದ ಅನಿಸ್ತ್ರಿ ವೈನಿ? ಬೆಳಕೋ, ಆ ಹಿಂದಿನ ಗೋಡೆಯೋ?"

"ಗ್ವಾಡಿ ತಗೊಂಡ್ ಏನ್ ಮಾಡೂದ್ರಿ! ಹುಡುಗಿ ಛಂದ ಅದಾಳ. ಯಾರ ಪೈಕಿ ಈಕಿ? ಲಗ್ನ ಆಗ್ಯದೇನು? ನಮ್ಮ ಅಕ್ಕನ ಮಗಗ ಎರಡ ವರ್ಷದಿಂದ ನೋಡ್ಲಿಕತ್ತೀವಿ, ನಿಮಗ ಗೊತ್ತದಲಾ."

ಅಂದು ಸಂಜೆಯ ಹೊತ್ತಿಗೆ ವೈನಿಯ ಅಕ್ಕನೂ ಫೈಲು ನೋಡಲು ಬಂದರು. ಅವರು ಕುದುರೆ, ದೋಣಿ, ಸೂರ್ಯಾಸ್ತಗಳನ್ನೆಲ್ಲ ಸರಸರ ದಾಟಿಸಿ, ಮದುವೆಯ ವಯಸ್ಸಿಗೆ ಬಂದ ಮುಖಗಳನ್ನಷ್ಟೇ ನಿಂತು ನೋಡಿದರು. "ಇನ್ನೂ ಒಂದಿಷ್ಟ ಹುಡುಗ್ಯಾರ್ದು ತಗೀರಿ" ಎಂದು ಸಲಹೆಯನ್ನೂ ಕೊಟ್ಟರು. ಆ ಫೈಲನ್ನು ಬಗಲಿಗೆ ಹಾಕಿಕೊಂಡು ಹೋಗುವಾಗ ನಾನು ಖಂಡಿತ ವರ-ಕನ್ಯೆ ನೋಡಿಸುವವಳ ಹಾಗೇ ಕಾಣುತ್ತಿದ್ದೆ, ಅವರದೇನೂ ತಪ್ಪಿಲ್ಲ.

ಶಾಲೆಯ ಸ್ಟಾಫ್ ರೂಮಿನಲ್ಲಿ ಮಿರ್ಚಿ ಭಜಿ ತಿನ್ನುವ ಹೊತ್ತಿನಲ್ಲಿ ತೋರಿಸಿದೆ. "ಮಸ್ತ್ ಮೇಡಮ್! ಭಾರಿ ಮೇಡಮ್!" ಗಣಿತದ ಸರ್ ಬಾಯಲ್ಲಿ ಭಜಿ ಇಟ್ಟುಕೊಂಡೇ "ಒಂದ ನಂಬರ" ಎಂದರು. ನನ್ನ ಸೂರ್ಯಾಸ್ತದ ಮೇಲೆ ಅವರ ಹೆಬ್ಬೆಟ್ಟಿನ ಎಣ್ಣೆ ಈಗಲೂ ಇದೆ. ಅದರಿಂದ ಆ ಚಿತ್ರಕ್ಕೆ ಸ್ವಲ್ಪ ಹೊಳಪು ಬಂದಿದೆ ಎಂದೇ ನನ್ನ ಅಭಿಪ್ರಾಯ.

ಉಳಿದವರು ದೇಸಾಯಿ ಸರ್. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಂಥ ಹವ್ಯಾಸಿಗಳಿಗೆ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದವರು. ನಿಜವಾಗಿ ಬಲ್ಲವರು. ಅವರ ಮುಂದೆ ಫೈಲು ಇಟ್ಟೆ. ಅವರು ನೋಡಿದರು, ಗಡ್ಡ ಕೆರೆದುಕೊಂಡರು, ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಪ್ರಯತ್ನ ಭಾಳ ಛಲೋ ಅದ ಮೇಡಮ್" ಎಂದರು. "ನಿಮ್ಮ ಲೈಟ್ ಮಾತಾಡ್ಲಿಕತ್ತದ."

"ಏನಂತ ಮಾತಾಡ್ಲಿಕತ್ತದ ಸರ್?"

"ಅದನ್ನ ನೋಡವರಿಗೇ ಬಿಡಬೇಕ್ರಿ."

ನನಗೆ ಧಸಕ್ಕೆಂದಿತು. ಯಾಕೆಂದರೆ 'ಪ್ರಯತ್ನ ಚೆನ್ನಾಗಿದೆ' ಎಂಬ ಮಾತು ಹುಟ್ಟಿದ್ದೇ ನಮ್ಮಂಥ ಮಾಸ್ತರರ ಬಾಯಲ್ಲಿ. ನಪಾಸಾದವನ ತಂದೆ-ತಾಯಿ ಎದುರಿಗೆ ಬಂದು ಕೂತಾಗ ನಾನೇ ಎಷ್ಟು ಸಲ ಅದನ್ನು ಹೇಳಿಲ್ಲ! "ಹುಡುಗ ಶಾಣ್ಯಾ ಅದಾನ್ರಿ, ಪ್ರಯತ್ನ ಮಾಡ್ತಾನ." ಈಗ ನಾನು ಬೆಂಚಿನ ಆಚೆ ಕಡೆ ಕೂತಿದ್ದೆ, ಅಷ್ಟೇ. ಮೇಲಾಗಿ ಅವರು ತಮ್ಮ ಶಿಷ್ಯರೆಲ್ಲರ ಪ್ರದರ್ಶನ ಇಟ್ಟುಕೊಂಡಿದ್ದರು. ತಲೆಗೆ ಐದು ಚಿತ್ರ, ಯಾರನ್ನೂ ಬಿಡುವಂತಿಲ್ಲ. ಎಲ್ಲರೂ ಪಾಸಾಗುವ ಪರೀಕ್ಷೆಯಲ್ಲಿ ಪಾಸಾದವರಿಗೆ ಏನು ತಿಳಿಯುತ್ತದೆ? ನಾನು ಫೋಟೋಗ್ರಾಫರೋ ಅಥವಾ ಕ್ಯಾಮೆರಾ ಇಟ್ಟುಕೊಂಡ ಹೆಂಗಸೋ ಎಂಬುದು ಗೊತ್ತಾಗದೆಯೇ ನನ್ನ ಐದು ಚಿತ್ರಗಳಿಗೆ ಚೌಕಟ್ಟು ಬಿತ್ತು.

ಆ ಐದರಲ್ಲಿ ಒಂದು ಗುಂಜಿಯದು. ದೇಸಾಯಿ ಸರ್ ಒಮ್ಮೆ ನಮ್ಮನ್ನೆಲ್ಲ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರ ದಾಟಿಸಿ ಗುಂಜಿಗೆ ಕರೆದುಕೊಂಡು ಹೋಗಿದ್ದರು, ಕಾಡಿನ ಅಂಚಿನ ಮಂಜು ತೆಗೆಯಲು. ನಾವು ಮುಟ್ಟುವ ಹೊತ್ತಿಗೆ ಮಂಜು ಎದ್ದು ಹೋಗಿತ್ತು. ಉಳಿದವರು ಮಂಜನ್ನು ಹುಡುಕುತ್ತ ಮುಂದೆ ನಡೆದರು. ನನ್ನ ಮೊಣಕಾಲು ಮುಷ್ಕರ ಹೂಡಿದ್ದರಿಂದ ನಾನು ಹಿಂದುಳಿದೆ. ಅಲ್ಲಿ ಎಮ್ಮೆ ಹೊಡೆದುಕೊಂಡು ಹೊರಟಿದ್ದವರು ಭಾಗೂಬಾಯಿ, ದನ ಸಾಕುವ ಗೌಳಿಗರ ಮನೆಯವರು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಎಮ್ಮೆ ಚಂದ್ರಿ. ಫೋಟೋ ತೆಗೆಯಲೇ ಎಂದು ಕೇಳಿದೆ.

"ನಂದ ಬೇಕಾದಷ್ಟ ತಗೀರಿ. ಎಮ್ಮೀದ ಬ್ಯಾಡ. ಹೊಸದಾಗಿ ಈದೈತಿ, ಯಾರರ ಕಣ್ಣ ಹತ್ತತೈತಿ."

ನಾನು ಒಪ್ಪಿಕೊಂಡೆ. ಭಾಗೂಬಾಯಿ ಸೆರಗು ಸರಿಮಾಡಿಕೊಂಡು ಪೊಲೀಸರ ಮುಂದೆ ನಿಂತವರ ಹಾಗೆ ಸೆಟೆದು ನಿಂತರು. ನಾನು ಗುಂಡಿ ಒತ್ತುವ ಹೊತ್ತಿಗೆ ಹಿಂದಿನಿಂದ ಚಂದ್ರಿ ಬಂದು, ತನ್ನನ್ನು ಬಿಟ್ಟು ಇದೇನು ನಡೆದಿದೆ ಎಂಬಂತೆ, ಭಾಗೂಬಾಯಿಯ ಹೆಗಲ ಮೇಲೆ ಗದ್ದ ಇಟ್ಟಿತು. "ಏ ಭವಾನಿ!" ಎಂದು ಬಯ್ಯುತ್ತ ಅವರು ಅದರ ಕಡೆ ತಿರುಗಿ ನಕ್ಕರು. ಬೆರಳು ತಾನೇ ಒತ್ತಿತು. ನನ್ನ ಜಾಣತನ ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ಸಲ ಹೋದಾಗ ಅದರ ಒಂದು ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಎಮ್ಮೆಯದು ಬೇಡ ಅಂದಿದ್ದರಲ್ಲ, ಬಯ್ಯಬಹುದೆಂದು ಅಂಜಿಕೊಂಡೇ ಕೊಟ್ಟೆ. ಆದರೆ ನೋಡಿದವರೇ "ಅಯ್ಯ, ಈಕಿನೂ ಬಂದಾಳಲ್ಲ!" ಎಂದು ಕುಣಿದಾಡಿ, ಪಡಸಾಲೆಯ ಗೋಡೆಗೆ ಅಂಟಿಸಿ, ಸೊಸೆ ಸರಿತಾಳನ್ನು ಕರೆದು ತೋರಿಸಿ, ನನ್ನ ನಂಬರು ಬರೆಸಿಕೊಂಡು, ಗಿಂಡಿ ತುಂಬ ಮಜ್ಜಿಗೆ ಕುಡಿಸಿ ಕಳಿಸಿದರು.

ದೇಸಾಯಿ ಸರ್‌ಗೆ ಆ ಚಿತ್ರದ ಮೇಲೆ ಏನು ಮನಸ್ಸಾಯಿತೋ, ಪ್ರದರ್ಶನದ ಆಮಂತ್ರಣಕ್ಕೆ ಅದನ್ನೇ ಹಾಕಿ ವಾಟ್ಸಾಪಿನಲ್ಲಿ ಬಿಟ್ಟರು. ಬೆಳಗಾವಿಯ ತುಂಬ ಚಂದ್ರಿ ತಿರುಗಾಡಿತು. ನನಗೋ ನೆಲದ ಮೇಲೆ ಕಾಲಿಲ್ಲ. ಪ್ರದರ್ಶನಕ್ಕೆ ಇನ್ನೇನು ಎರಡು ದಿನ ಇದೆ ಅನ್ನುವಾಗ ಫೋನು ಬಂತು.

"ಹಲೋ, ಫೋಟೋದ ಅಕ್ಕೋರೇನ್ರಿ?"

"ಹೌದು ಭಾಗೂಬಾಯಿ, ಆರಾಮಿದ್ದೀರೇನ್ರಿ?"

"ನಾ ಆರಾಮ ಅದೇನ್ರಿ. ಚಂದ್ರಿ ಆರಾಮಿಲ್ಲ. ನಿಮ್ಮ ಫೋಟೋ ಮನಿಗಿ ಬಂದಾಗಿಂದ ಹಾಲ ಅರ್ಧಕ್ಕರ್ಧ ಇಳದೇತಿ. ನೆದರ ಹತ್ತೇತ್ರಿ."

ನೆದರು ಅಂದರೆ ದೃಷ್ಟಿ. ನಮ್ಮಲ್ಲಿ ನಜರ್ ಅನ್ನುವುದೂ ಅದನ್ನೇ.

"ಡಾಕ್ಟರಿಗೆ ತೋರಿಸಿದ್ರೇನ್ರಿ?"

"ಬಂದಿದ್ರು. ಎಮ್ಮೀಗಿ ಏನೂ ಆಗಿಲ್ಲ ಅಂದ್ರು. ಏನೂ ಆಗಿಲ್ಲಂದ್ರ ಹಾಲ ಎಲ್ಲಿ ಹೋತ್ರಿ? ಓಣಿ ಮಂದಿ ಎಲ್ಲಾ ಬಂದ ನೋಡಿ, ಎಷ್ಟ ಛಂದ ಬಂದಾಳ ಚಂದ್ರಿ, ಎಷ್ಟ ಛಂದ ಬಂದಾಳ ಅಂತ ಹಾಡಿ ಹರಸಿ ಹೋಗ್ಯಾರ. ಮ್ಯಾಲ ಈಗ ನಮ್ಮ ಸರಿತಾ ಮೊಬೈಲಿನ್ಯಾಗ ತೋರಸಿದ್ಳು, ನೀವು ಬೆಳಗಾಂವ ಮಂದಿಗೆಲ್ಲಾ ಕಳಿಸೀರಿ. ಬರೇ ಗುಂಜಿ ಮಂದಿ ನೋಡಿದ್ದಕ್ಕ ಅರ್ಧಾ ಹೋತು. ಬೆಳಗಾಂವ ಎಲ್ಲಾ ನೋಡಿದ್ರ ಏನ ಉಳಿತೈತ್ರಿ ಅಕ್ಕೋರ? ಹಾಲಿನ ಮ್ಯಾಲ ನಮ್ಮ ಮನಿ ನಡಿತೈತಿ. ಆ ಫೋಟೋ ಹಚ್ಚಬ್ಯಾಡ್ರಿ. ಕೈ ಮುಗಿತೇನಿ."

ಫೋನು ಇಟ್ಟ ಮೇಲೆ ನನಗೆ ಏನಾಗಬೇಕಿತ್ತು ಹೇಳಿ? ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೂ ಮೊದಲು ಹೊಟ್ಟೆಯೊಳಗಿಂದ ಒಂದು ಖುಷಿ ಗುಳುಗುಳು ಎಂದು ಎದ್ದಿತು. ಕೆಟ್ಟ ಫೋಟೋಕ್ಕೆ ಯಾರಾದರೂ ದೃಷ್ಟಿ ಹಾಕುತ್ತಾರೆಯೇ? ಇಷ್ಟು ದಿನ ಊರೆಲ್ಲ ತಿರುಗಿ ಬೇಡಿದ ಖರೇ ಮಾತು ಕೊನೆಗೂ ಸಿಕ್ಕಿತ್ತು. ಅದೂ ಒಂದು ಎಮ್ಮೆಯ ಕೆಚ್ಚಲಿನಿಂದ! ನಮ್ಮೆಜಮಾನರಿಗೆ ಹೇಳಿದೆ. ಮನೆಯ ಮಾತು ದಖನಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀ ಖುಷಿ ಆಗೀದಿ" ಎಂದರು.

"ಛೆ, ಏನ್ ಮಾತಂತ ಆಡ್ತೀರಿ!"

"ಮಾರಿ ನೋಡ್ಕೋ ಹೋಗು ಕನ್ನಡಿಯೊಳಗ. ಪಾಪ, ಆ ಹೆಣ್ಮಗಳ ಹಾಲು ಹೋಗೇತಿ, ಇಲ್ಲಿ ಈಕಿಗಿ ಈದ್ ಆಗೇತಿ."

ನಾಚಿಕೆಯಾಯಿತು. ಮರುದಿನ ಶಾಲೆಗೆ ರಜೆ ಹಾಕಿ, ಗುಂಜಿಗೆ ಹೋಗಿ ನೆದರು ತೆಗೆಸುವುದೇ ಸರಿ ಎಂದು ನಿರ್ಧಾರ ಮಾಡಿ, ಭಾಗೂಬಾಯಿಗೂ ಫೋನು ಮಾಡಿ ಹೇಳಿದೆ. ಇದರ ರೀತಿ ನಿಮಗೆ ಗೊತ್ತೇ ಇದೆ. ನಮ್ಮಲ್ಲೂ ಅದೇ, ಅವರಲ್ಲೂ ಅದೇ. ಒಣ ಮೆಣಸಿನಕಾಯಿಯನ್ನು ಇಳಿ ತೆಗೆದು, ಅಂದರೆ ನಿವಾಳಿಸಿ, ಕೆಂಡಕ್ಕೆ ಹಾಕಬೇಕು. ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿಯೇನೂ ಇಲ್ಲ. ಘಾಟು ಬರಲಿಲ್ಲವೋ, ದೃಷ್ಟಿ ಹತ್ತಿತ್ತು, ಆ ಮೆಣಸಿನಕಾಯಿ ಅದನ್ನು ನುಂಗಿತು ಎಂದು ತಿಳಿಯಬೇಕು. ಮೆಣಸಿನಕಾಯಿಗೆ ತವರುಮನೆ ಇದ್ದೇ ಇದೆಯಲ್ಲ. ಅಬ್ಬಾ ಈಗಿಲ್ಲ, ರವಿವಾರ ಪೇಟೆಯ ಅಂಗಡಿ ಭಾಯಿಜಾನ್ ನೋಡಿಕೊಳ್ಳುತ್ತಾನೆ. ಹೋಗಿ ಚೀಲಗಳ ನಡುವೆ ಕೂತೆ. ವಿಷಯ ಕೇಳಿ ಅವನು ನಗಲಿಲ್ಲ. ಮೆಣಸಿನಕಾಯಿಯ ವಿಷಯದಲ್ಲಿ ಅವನು ನಗುವುದಿಲ್ಲ.

"ಬ್ಯಾಡಗಿ ಒಯ್ಯಬ್ಯಾಡ" ಎಂದ. "ಅದು ಬಣ್ಣಕ್ಕ ಛಲೋ, ಖಾರ ಕಡಿಮಿ. ಒಲಿಗಿ ಹಾಕಿದ್ರ ಘಾಟು ಅಷ್ಟ ಏಳಂಗಿಲ್ಲ. ಎಲ್ಲಾರಿಗೂ ನಜರ್ ಹತ್ತೇತಿ ಅಂತನ ಹೇಳತೈತಿ. ಗುಂಟೂರು ಒಯ್ಯಿ. ಅದು ಸುಳ್ಳ ಹೇಳಂಗಿಲ್ಲ."

ಅಂಗಡಿಯ ಬಾಗಿಲಲ್ಲಿ ಎರಡೂ ಚೀಲ ಅಕ್ಕಪಕ್ಕ ಬಾಯಿ ತೆರೆದು ನಿಂತಿದ್ದವು. ನನ್ನ ಕೈ ಎತ್ತ ಹೋಯಿತು ಹೇಳಿ ನೋಡೋಣ. ಬ್ಯಾಡಗಿಯ ಕಡೆಗೇ ಹೋಯಿತು. ಬ್ಯಾಡಗಿ ಒಯ್ದರೆ ಘಾಟು ಬರುವುದಿಲ್ಲ. ಘಾಟು ಬರದಿದ್ದರೆ ನನ್ನ ಫೋಟೋಕ್ಕೆ ಊರ ಕಣ್ಣೆಲ್ಲ ಹತ್ತಿತ್ತು ಎಂದು ಗುಂಜಿಯಲ್ಲಿ ಸಾಬೀತಾಗುತ್ತದೆ. ಇನ್ನಾರನ್ನೂ 'ಹೇಗಿದೆ' ಎಂದು ಕೇಳುವ ಗರಜೇ ಬೀಳುವುದಿಲ್ಲ. ಕೆಂಪಗೆ, ಸುಕ್ಕುಸುಕ್ಕಾಗಿ, ನೋಡಲು ಎಷ್ಟು ಚಂದ ಅವು! ಒಂದು ಹಿಡಿ ಎತ್ತಿಯೂ ಎತ್ತಿದೆ. ಆಗ "ಹಾಲ ಎಲ್ಲಿ ಹೋತ್ರಿ" ಎಂಬ ಮಾತು ಕಿವಿಗೆ ಬಂತು. ಇಲ್ಲದ ನೆದರನ್ನು ಇದೆ ಎಂದು ನಂಬಿಸಿ ಬಂದರೆ ಆ ಹೆಂಗಸು ದಿನವೂ ಮೆಣಸಿನಕಾಯಿ ಸುಡುತ್ತ ಕೂತುಬಿಡುತ್ತಾರೆ, ಬೇರೆ ಕಾರಣ ಹುಡುಕುವುದೇ ಇಲ್ಲ. ಹಾಲು ಬತ್ತಿಯೇ ಹೋಗುತ್ತದೆ. ನನ್ನ ಒಂದು ಹೊಗಳಿಕೆಗೆ ಇನ್ನೊಬ್ಬರ ಮನೆಯ ಹಾಲು ಬತ್ತಬೇಕೇ? ಬ್ಯಾಡಗಿಯನ್ನು ಚೀಲಕ್ಕೆ ವಾಪಸು ಬಿಟ್ಟು, ಗುಂಟೂರು ಕಟ್ಟಿಸಿಕೊಂಡೆ. ಮನಸ್ಸಿಲ್ಲದ ಮನಸ್ಸಿನಿಂದ ಎಂದು ಬೇರೆ ಹೇಳಬೇಕಿಲ್ಲ.

ಗುಂಜಿಯ ಮನೆಯಲ್ಲಿ ಓಣಿಯ ಹೆಂಗಸರು ನನಗಿಂತ ಮೊದಲೇ ಬಂದು ಕೂತಿದ್ದರು. ಗೋಡೆಯ ಮೇಲಿನ ಫೋಟೋಕ್ಕೆ ಒಂದು ಟವೆಲ್ ಮುಚ್ಚಿತ್ತು. ಭಾಗೂಬಾಯಿ ನನ್ನ ಮೇಲೆ ಸಿಟ್ಟಾಗಿರಲಿಲ್ಲ. "ಬರ್ರಿ ಅಕ್ಕೋರ, ಕುಂದರ್ರಿ, ಮೊದಲ ಚಹಾ ಕುಡೀರಿ" ಎಂದರು. ಅದೇ ನನಗೆ ಇನ್ನಷ್ಟು ಕಷ್ಟವಾಯಿತು. ಚಹಾಕ್ಕೆ ಹಾಲು ಕಡಿಮೆ ಇತ್ತು, ಬಣ್ಣದಲ್ಲೇ ಗೊತ್ತಾಗುತ್ತಿತ್ತು.

ಹಿತ್ತಲ ಕೊಟ್ಟಿಗೆಗೆ ಹೋಗಿ, ನನ್ನ ಕಟ್ಟು ಬಿಚ್ಚಿ, ಒಂದು ಮುಷ್ಟಿ ಗುಂಟೂರು ಮೆಣಸಿನಕಾಯಿಯನ್ನು ಚಂದ್ರಿಯ ಮುಖದಿಂದ ಬಾಲದವರೆಗೆ ಇಳಿ ತೆಗೆದರು. "ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು" ಎಂದು ಹೇಳುತ್ತ, 'ಬಂದವರ' ಅನ್ನುವಾಗ ನನ್ನ ಮುಖ ನೋಡಿ, "ನಿಮ್ಮನ್ನಲ್ರಿ ಅಕ್ಕೋರ, ಅದು ಹಂಗ ಅಂತಾರ" ಎಂದರು. ಚಂದ್ರಿ ನಿರಾಳವಾಗಿ ಮೆಲುಕು ಹಾಕುತ್ತಿತ್ತು. ಎಲ್ಲರೂ ಅಂಗಳದ ಒಲೆಯ ಸುತ್ತ ಕೂಡಿದೆವು. ಭಾಗೂಬಾಯಿ ಕೆಂಡದ ಮೇಲೆ ಮುಷ್ಟಿ ಬಿಚ್ಚಿದರು.

ಒಂದು ಗಳಿಗೆ ಏನೂ ಆಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ನೋಡ್ರಿ, ಘಾಟ ಇಲ್ಲ" ಎಂದು ಯಾರೋ ಪಿಸುಗುಟ್ಟಿದರು. ಯಾ ಅಲ್ಲಾ, ಹೀಗೇ ಇರಲಿ, ಇನ್ನೊಂದಿಷ್ಟು ಹೊತ್ತು ಹೀಗೇ ಇರಲಿ ಎಂದು ನನ್ನ ಹಾಳು ಮನಸ್ಸು ಬೇಡಿಕೊಂಡಿತು. ಮರುಗಳಿಗೆಗೆ ಗುಂಟೂರು ತನ್ನ ಗುಣ ತೋರಿಸಿತು. ಆ ಘಾಟು! ಮೊದಲು ಸರಿತಾ ಕೆಮ್ಮಿದಳು, ಆಮೇಲೆ ಓಣಿಗೆ ಓಣಿಯೇ ಕೆಮ್ಮಿತು. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ಅತ್ತದ್ದೇ ಅತ್ತದ್ದು. ಮೆಣಸಿನಕಾಯಿಯ ಮೇಲೆಯೇ ಬೆಳೆದವಳು ನಾನು, ನನಗೂ ಉಸಿರು ಹಿಡಿಯಿತು. ನನ್ನ ಕಣ್ಣೀರಿನಲ್ಲಿ ಅರ್ಧ ಮಾತ್ರ ಘಾಟಿನದು. ನನ್ನ ಫೋಟೋಕ್ಕೆ ಯಾರ ಕಣ್ಣೂ ಹತ್ತಿರಲಿಲ್ಲ!

ಕೆಮ್ಮು ಒಂದಿಷ್ಟು ಇಳಿದು ಕಣ್ಣು ಬಿಡುವಷ್ಟರಲ್ಲಿ ಹಿತ್ತಲಿನಿಂದ ಏನೋ ಚಪ್ಪರಿಸುವ ಸದ್ದು ಬಂತು. ಸರಿತಾ ಓಡಿದಳು. ಅವಳ ಹಿಂದೆ ಎಲ್ಲರೂ ಓಡಿದೆವು. ಕೊಟ್ಟಿಗೆಯಲ್ಲಿ ಚಂದ್ರಿಯ ಕರು ಕೊರಳಿನ ಹಗ್ಗದಿಂದ ತಲೆ ಹೊರಗೆ ಜಾರಿಸಿಕೊಂಡು, ತಾಯಿಯ ಕೆಳಗೆ ನಿಂತು, ಬಾಲ ಅಲ್ಲಾಡಿಸುತ್ತ ಗಟಗಟ ಕುಡಿಯುತ್ತಿತ್ತು. ಬಾಯಿಯ ಎರಡೂ ಬದಿಗೆ ನೊರೆ. ನಮ್ಮನ್ನು ನೋಡಿಯೂ ಬಿಡಲಿಲ್ಲ.

"ಅಯ್ಯ ನಿನ್ನ! ನೀ ಏನ ಕಳ್ಳಾ!" ಎಂದು ಭಾಗೂಬಾಯಿ ಹಣೆ ಬಡಿದುಕೊಂಡರು. ಆಮೇಲೆ ಮೆಲ್ಲಗೆ ಎಲ್ಲ ಬಿಚ್ಚಿಕೊಂಡಿತು. ಫೋಟೋ ಗೋಡೆಗೆ ಹತ್ತಿದ ದಿನದಿಂದ ಬೆಳಗಾದರೆ ಸಾಕು, ಯಾರಾದರೂ ನೋಡಲು ಬರುವವರು. ಬಂದವರಿಗೆ ಚಹಾ ಆಗಬೇಕು, ಫೋಟೋ ತೆಗೆದ ಕಥೆ ಮೊದಲಿನಿಂದ ಆಗಬೇಕು. ಅತ್ತೆ-ಸೊಸೆ ಇಬ್ಬರೂ ಪಡಸಾಲೆಯಲ್ಲಿ. ಹಿಂಡುವ ಹೊತ್ತು ಮೀರಿದರೂ ಹಿತ್ತಲಲ್ಲಿ ಕೇಳುವವರಿಲ್ಲ. ಕರು ಹಗ್ಗದಿಂದ ಜಾರುವ ವಿದ್ಯೆ ಕಲಿತದ್ದು ಹಾಗೆ. ಕುಡಿದು ತೇಗಿ ತನ್ನ ಜಾಗದಲ್ಲಿ ಮಲಗಿಬಿಡುತ್ತಿತ್ತಂತೆ, ಯಾರಿಗೂ ಸಂಶಯ ಬರಬಾರದು ನೋಡಿ. ಹಾಲು ಹೋದದ್ದು ನನ್ನ ಫೋಟೋದಿಂದಲೇ ಹೌದು. ಆದರೆ ನಾನು ಬಯಸಿದ ರೀತಿಯಲ್ಲಿ ಅಲ್ಲ.

ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಣ್ಣಲ್ಲಿ ಖಾರದ ನೀರು, ನಗುವಿನ ನೀರು ಎರಡೂ. ಭಾಗೂಬಾಯಿ ಕರುವಿಗೆ ಹೊಸ ಗಂಟು ಹಾಕಿ, ಫೋಟೋದ ಟವೆಲ್ ತೆಗೆದು, ನನ್ನ ಕೈ ಹಿಡಿದು, "ಹಚ್ರಿ ಅಕ್ಕೋರ, ಬೆಳಗಾಂವದಾಗ ಹಚ್ರಿ. ನಾನೂ ಬರ್ತೇನಿ" ಎಂದರು. ನಾನು ಹೂಂ ಎಂದೆ. ಗಾಡಿಯಲ್ಲಿ ಬರುವಾಗ ಮಾತ್ರ ಮುಖ ಸಣ್ಣದಾಗಿತ್ತು. ಹಾಲು ಸಿಕ್ಕಿತು, ಒಳ್ಳೆಯದಾಯಿತು. ಆದರೆ ನನಗೆ ಉತ್ತರ ಸಿಗಲಿಲ್ಲವಲ್ಲ. 'ಪ್ರಯತ್ನ ಭಾಳ ಛಲೋ ಅದ' ಎಂಬಲ್ಲಿಗೇ ಮತ್ತೆ ಬಂದು ನಿಂತಿದ್ದೆ.

ಪ್ರದರ್ಶನದ ದಿನ ಭಾಗೂಬಾಯಿ ಸರಿತಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದೇಬಿಟ್ಟರು. ಹಸಿರು ಇಳಕಲ್ ಸೀರೆ, ತಲೆ ತುಂಬ ಅಬ್ಬಲಿಗೆ. ನಾನು ಬಾಗಿಲಲ್ಲೇ "ಹಾಲು?" ಎಂದೆ. "ಕೊಡ ತುಂಬತೈತ್ರಿ ಈಗ" ಎಂದರು. ಸೀದಾ ತಮ್ಮ ಚಿತ್ರದ ಮುಂದೆ ಹೋಗಿ ನಿಂತರು. ಸುತ್ತ ಜನ ಇದ್ದರು. "ಎಂಥ ಎಮ್ಮಿ ನೋಡ್ರಿ!" ಎಂದು ಯಾರೋ ಅಂದದ್ದೇ ತಡ, ಸೊಂಟದಿಂದ ಸಣ್ಣ ಕಾಡಿಗೆ ಡಬ್ಬಿ ಹೊರಗೆ ಬಂತು. ಬೆರಳಿನ ತುದಿಗೆ ಕಾಡಿಗೆ ತಗೊಂಡು ಗಾಜಿನ ಮೇಲೆ, ಚಂದ್ರಿಯ ಕೆನ್ನೆಯ ಹತ್ತಿರ, ಒಂದು ಬೊಟ್ಟು ಇಟ್ಟರು.

ದೇಸಾಯಿ ಸರ್ ಓಡಿ ಬಂದರು. "ಅಯ್ಯಯ್ಯ, ಏನ್ ಮಾಡ್ಲಿಕತ್ತೀರಿ ಬಾಯಿ!"

"ಇಲ್ಲೀತನಾ ಹತ್ತಿಲ್ಲಂದ್ರ ಮುಂದ ಹತ್ತಂಗಿಲ್ಲ ಅಂತೇನಿಲ್ಲಲ್ರಿ. ಇಲ್ಲೆ ಎಷ್ಟ ಮಂದಿ ಅದಾರ. ಇಂಥಾ ಫೋಟೋ ಹಂಗ ಬರೇ ಬಿಡಾಕ ಬರ್ತೈತೇನ್ರಿ?"

ಇಂಥಾ ಫೋಟೋ! ನನ್ನ ಕಿವಿ ನಂಬಲಿಲ್ಲ. ದೇಸಾಯಿ ಸರ್ "ಇರ್ಲಿ ಬಿಡ್ರಿ" ಎಂದರು. ಡಬ್ಬಿ ಇನ್ನೂ ತೆರೆದೇ ಇತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, ಭಾಗೂಬಾಯಿಯ ತೋಳು ಹಿಡಿದು ಪಕ್ಕದಲ್ಲೇ ಸಾಲಾಗಿ ತೂಗುಹಾಕಿದ್ದ ನನ್ನ ಉಳಿದ ನಾಲ್ಕರ ಮುಂದೆ ನಿಲ್ಲಿಸಿದೆ. ಸೂರ್ಯಾಸ್ತ, ದೋಣಿ, ಹೂ ಮಾರುವ ಹುಡುಗಿ, ಓಡುವ ಕುದುರೆ.

"ಇವೂ ನಾ ತಗದಿದ್ದು ಭಾಗೂಬಾಯಿ" ಎಂದೆ. "ಇವಕ್ಕೂ ಒಂದೀಟು..."

ಅವರು ಬಹಳ ಕಾಳಜಿಯಿಂದ ನೋಡಿದರು. ಸೂರ್ಯಾಸ್ತ ನೋಡಿದರು, ದೋಣಿ ನೋಡಿದರು, ಹುಡುಗಿಯ ಮುಂದೆ ಬೆರಳು ಎತ್ತಿ, ಯೋಚಿಸಿ, ಇಳಿಸಿದರು. ಕುದುರೆಯನ್ನೂ ನೋಡಿದರು. ನಮ್ಮೆಜಮಾನರು ಹಿಂದೆ ನಿಂತದ್ದು ಗೊತ್ತಿತ್ತು, ತಿರುಗಿ ನೋಡಲಿಲ್ಲ. ಭಾಗೂಬಾಯಿ ಡಬ್ಬಿಯ ಮುಚ್ಚಳ ಹಾಕಿ, ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನೀವೇನ ಚಿಂತಿ ಮಾಡಬ್ಯಾಡ್ರಿ ಅಕ್ಕೋರ" ಎಂದರು ಅಕ್ಕರೆಯಿಂದ. "ಇವಕ್ಕ ಯಾರ ಕಣ್ಣೂ ಹತ್ತಂಗಿಲ್ಲ."